ಅರವತ್ತು ಹೆಜ್ಜೆಗೊಂದು ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ಇದು ನಡೆದ ಕಥೆ. ನಂಬಿಕೆ ಬಾರದವರು ಕೊನೆಯಲ್ಲಿ ಬರುವ ಮೂರು ಅಂಗಿಗಳನ್ನು ನೋಡಿ, ಆಮೇಲೆ ತಕರಾರು ತೆಗೆಯಲಿ.

"ನಿಮ್ಮ ಕ್ಯಾಬಿನ್ ಬಾಗಿಲಿಂದ ನೀರಿಗೆ ಎಷ್ಟು ಹೆಜ್ಜೆ?"

ಫೋನಿನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆಯೇ ಅದು. ಆ ಕಡೆ ಒಂದು ದಪ್ಪ ಗಂಟಲು ಕೆಮ್ಮಿ ಸರಿಮಾಡಿಕೊಂಡಿತು.

"ಮೇಡಂ, ಎಲ್ಲರೂ ಎಸಿ ಇದೆಯಾ ಅಂತ ಕೇಳ್ತಾರೆ. ನಾನು ಇಲ್ಲಿ ಮ್ಯಾನೇಜರು. ಕಡಲಿಗೆ ಐನೂರು ಅಡಿ ಅಂತ ನಮ್ಮ ಬೋರ್ಡಲ್ಲೇ ಇದೆ."

"ಅಡಿ ನಿಮ್ಮ ನೆಲದ್ದು. ನನಗೆ ಬೇಕಾಗಿರೋದು ಹೆಜ್ಜೆ. ನಡೆದು ನೋಡಿದವರು ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡಿ."

ಅವಳು ಕೇಳಿದ್ದರಲ್ಲಿ ಅರ್ಥವಿತ್ತು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ದಿನವಿಡೀ ರೋಗಿಗಳನ್ನು ಕೈಹಿಡಿದು ನಡೆಸುತ್ತ "ಒಂದು, ಎರಡು, ಮೂರು" ಎಂದು ಎಣಿಸಿ ಎಣಿಸಿ, ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ 'ಎಣಿಕೆ ಮೇಡಂ' ಆಗಿಹೋಗಿದ್ದಳು. ಈಗಿನ ರೋಗಿ ಸ್ವಂತ ಅಜ್ಜಿ. ಅಜ್ಜಿಯ ಬಲ ಮಂಡಿ ಹೊಸದು, ಹಟ ಮಾತ್ರ ಹಳೆಯದು. ಕಡಲಿನಲ್ಲಿ ಕಾಲಿಡಬೇಕು, ಅದೂ ನಡೆದುಕೊಂಡೇ ಹೋಗಿ. ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವುದಾದರೆ ಬರುವುದೇ ಇಲ್ಲ ಎಂದಿದ್ದರು. ಅರವತ್ತು ಹೆಜ್ಜೆ ನಡೆದರೆ ಅವರು ಕೂರಲೇಬೇಕು. ಕೂರಲು ಜಾಗ ಸಿಗದೆ ಅರ್ಧ ದಾರಿಯಲ್ಲಿ ಕುಸಿದರೆ, ಆ ಭಯಕ್ಕೆ ಮತ್ತೆಂದೂ ಎದ್ದು ನಿಲ್ಲಲು ಒಪ್ಪುವವರಲ್ಲ. ಅದು ಮೊಮ್ಮಗಳಿಗೆ ಚೆನ್ನಾಗಿ ಗೊತ್ತಿತ್ತು.

ಫೋನ್ ಕೈ ಬದಲಾಯಿಸಿತು. ಈಗ ಮೆತ್ತನೆಯ ದನಿ.

"ಕ್ಯಾಬಿನ್ ನೋಡ್ಕೊಳ್ಳೋನು ನಾನು. ಒಂದ್ನಿಮಿಷ ಇರಿ, ನಡೆದೇ ಹೇಳ್ತೀನಿ."

ಅವನು ಫೋನ್ ಕಿವಿಗಿಟ್ಟುಕೊಂಡೇ ಹೊರಟ. ಮರಳಿನ ಸದ್ದು, ಉಸಿರು, ನಡುವೆ ಅವನ ಎಣಿಕೆ. ಕೊನೆಗೆ ಅಲೆಯ ಮೊರೆತ.

"ನೂರಾ ತೊಂಬತ್ತು. ಕೇಳಿಸ್ತಾ? ಇದು ನೀರು."

ಅವಳು ಆ ಸಂಖ್ಯೆಯನ್ನು ಬರೆದುಕೊಂಡಳು. ಊರಿಗೆಲ್ಲ ಹೆಜ್ಜೆ ಎಣಿಸುವವಳಿಗೆ, ತನಗಾಗಿ ಒಬ್ಬರು ಎಣಿಸಿದ್ದು ಇದೇ ಮೊದಲು...

ಮುಂದಿನ ಮೂರು ವಾರ ಬೆಳಗ್ಗೆ ಹತ್ತಕ್ಕೆ ಫೋನ್. ಮಳೆ ಮುಗಿದು ಬಿಸಿಲು ಏರುವ ಮೊದಲಿನ ಮೂರು ದಿನ ಗೊತ್ತುಮಾಡಿದ್ದಾಯಿತು. ಉಬ್ಬರ ಯಾವಾಗ, ಸೊಳ್ಳೆಪರದೆ ಎಷ್ಟು, ಮಂಚದ ಎತ್ತರ ಮಂಡಿಗಿಂತ ಮೇಲೋ ಕೆಳಗೋ, ಎಲ್ಲವೂ ಪಟ್ಟಿಗೆ ಏರಿತು. ಬಾಡಿಗೆ, ತಾರೀಖು ಎಂದರೆ ಮ್ಯಾನೇಜರ್ ಗುಡುಗುತ್ತಿದ್ದರು. ಊಟದ ಮಾತಿಗೆ ಹಲ್ಲಿಲ್ಲದ ಅಡುಗೆಯವರು ಬಂದು, ಅಜ್ಜಿಗೆ ಉಪ್ಪು ಎಷ್ಟು ಎಂದು ಗಾಳಿಗಾಳಿಯಾಗಿ ಕೇಳುತ್ತಿದ್ದರು. ಮಿಕ್ಕದ್ದೆಲ್ಲ ಮೆತ್ತನೆಯ ದನಿಯದು. ಅರವತ್ತು ಹೆಜ್ಜೆಗೊಂದರಂತೆ ದಾರಿಯಲ್ಲಿ ಮೂರು ಕುರ್ಚಿ ಇಟ್ಟೆ ಎಂದು ಅವನು ಹೆಮ್ಮೆಯಿಂದ ಹೇಳಿದ ದಿನ ಅವಳು ತಲೆ ಚಚ್ಚಿಕೊಂಡಳು.

"ಅದು ನಿಮ್ಮ ಹೆಜ್ಜೆ! ಅಜ್ಜಿಯ ಹೆಜ್ಜೆ ಒಂದೂವರೆ ಅಡಿ."

ಮತ್ತೆ ಅಳೆಯುತ್ತೇನೆ ಎಂದ ಅವನು.

ಹತ್ತು ಗಂಟೆ ಯಾವಾಗ ಆಗುತ್ತದೋ ಎಂದು ಗಡಿಯಾರ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತು. 'ಕ್ಯಾಬಿನ್ನಿಗಾಗಿಯೋ, ಕ್ಯಾಬಿನ್ ನೋಡಿಕೊಳ್ಳುವವನಿಗಾಗಿಯೋ?' ಎಂದು ತನ್ನನ್ನೇ ಕೇಳಿಕೊಂಡು ಒಬ್ಬಳೇ ಕೆಂಪಾಗಿದ್ದೂ ಉಂಟು.

ಒಂದು ಬೆಳಗ್ಗೆ ಮ್ಯಾನೇಜರ್ ಮಾತಾಡುತ್ತಿದ್ದಾಗ ಹಿಂದೆ ಟೀ ಕೆಟಲ್ ಶಿಳ್ಳೆ ಹಾಕತೊಡಗಿತು. ಅಡುಗೆಮನೆ ತೋಟದ ಆ ತುದಿಯಲ್ಲಿದೆ, ಅಡುಗೆಯವರಿಗೆ ಕೊಡುತ್ತೇನೆ ಎಂದರು. ಮರುಕ್ಷಣವೇ ಅಡುಗೆಯವರು ಬಂದರು, ಶಿಳ್ಳೆ ಅಷ್ಟೇ ಹತ್ತಿರದಲ್ಲಿ ಕೂಗುತ್ತಲೇ ಇತ್ತು. ಆಮೇಲೆ ಮೆತ್ತನೆಯ ದನಿ "ಹಲೋ" ಎಂದಿತು. ಅದೇ ಶಿಳ್ಳೆ, ಅದೇ ಉಸಿರಿಗೆ ಟಪ್ಪೆಂದು ನಿಂತಿತು.

ಅವಳಿಗೆ ಹೊಳೆಯಿತು. ಮೂರು ಜನ ಅಲ್ಲ... ಒಬ್ಬನೇ.

ಏನೂ ಹೇಳದೆ ಫೋನ್ ಇಟ್ಟಳು. ಇಷ್ಟು ದಿನ ನನ್ನನ್ನು ಆಟ ಆಡಿಸಿದನೇ? ದನಿಯೇ ಸುಳ್ಳಾದರೆ ಆ ನೂರಾ ತೊಂಬತ್ತು? ಆ ಕುರ್ಚಿಗಳು? ಅದನ್ನು ನಂಬಿ ಅಜ್ಜಿಯನ್ನು ಮರಳಿನ ಮೇಲೆ ನಡೆಸುವುದು ಹೇಗೆ? ಎರಡು ವಾರ ಅವಳು ಫೋನ್ ಮಾಡಲಿಲ್ಲ. ಬಂದದ್ದನ್ನು ಎತ್ತಲೂ ಇಲ್ಲ.

ಮೊದಲ ಫೋನಿನ ಮಾತಿನಿಂದ ಹಿಡಿದು ಎಲ್ಲವನ್ನೂ ಮೊಮ್ಮಗಳ ಬಾಯಲ್ಲಿ ಕೇಳಿದ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಮೂರು ಜನದ ಕೆಲಸ ಒಬ್ಬನೇ ಮಾಡ್ತಾನಲ್ಲೇ ಪುಟ್ಟಿ! ಹೋಗೋಣ. ಆದ್ರೆ ಬರಿಗೈಲಿ ಹೋಗೋದು ಬೇಡ."

ಗೊತ್ತುಮಾಡಿದ್ದ ದಿನ ಅಜ್ಜಿ ಕ್ಯಾಬಿನ್ನುಗಳ ಆಫೀಸಿಗೆ ಕಾಲಿಟ್ಟವರೇ, ಕೋಲೂರಿ ಬೆಂಚಿನ ಮೇಲೆ ಕೂತರು. ಟೋಪಿ ಹಾಕಿದ್ದ ಉದ್ದನೆಯ ಯುವಕನೊಬ್ಬ ದಪ್ಪ ಗಂಟಲಲ್ಲಿ ನಮಸ್ಕಾರ ಹೇಳಿದ. ಅಜ್ಜಿ ಅಡುಗೆಯವರನ್ನು ನೋಡಬೇಕೆಂದರು. ಅವನು ಹಿಂಬಾಗಿಲಿಂದ ಓಡಿ, ತಲೆಗೆ ಟವೆಲ್ ಸುತ್ತಿ, ಕೆನ್ನೆ ಒಳಗೆಳೆದುಕೊಂಡು ಬಂದ. ಅಜ್ಜಿ ಕ್ಯಾಬಿನ್ ನೋಡಿಕೊಳ್ಳುವವನನ್ನು ಕೇಳಿದರು. ಮತ್ತೆ ಓಟ. ಆ ಅಂಟುಅಂಟು ಸೆಕೆಯಲ್ಲಿ ಬೆವರು ಇಳಿಯುತ್ತಿತ್ತು. ಮೊಮ್ಮಗಳು ಕಿಟಕಿಯ ಕಡೆ ಮುಖ ಮಾಡಿ, ನಗಬಾರದೆಂದು ತುಟಿ ಕಚ್ಚಿ ನಿಂತಿದ್ದಳು. ಸಿಟ್ಟು ಇನ್ನೂ ಇತ್ತಲ್ಲ.

"ಮೂವರೂ ಒಟ್ಟಿಗೆ ನಿಲ್ಲಿ, ಒಂದು ಫೋಟೋ," ಎಂದರು ಅಜ್ಜಿ.

"ಮ್ಯಾನೇಜರ್ ಮೀಟಿಂಗಿಗೆ ಹೋದ್ರು."

"ಅಡುಗೆಯವನು?"

"ಅವರೂ... ಅದೇ ಮೀಟಿಂಗಿಗೆ."

ಬಿಸಿಲು ಇಳಿದ ಮೇಲೆ ಕಡಲಿಗೆ ಹೊರಟರು. ಮೊಮ್ಮಗಳು ಅಜ್ಜಿಯ ತೋಳು ಹಿಡಿದು ಗಟ್ಟಿಯಾಗಿ ಎಣಿಸತೊಡಗಿದಳು. ಐವತ್ತೆಂಟು, ಐವತ್ತೊಂಬತ್ತು... ಅರವತ್ತಕ್ಕೆ ಅಜ್ಜಿಯ ಕೋಲು ಕುರ್ಚಿಯ ಕಾಲಿಗೆ ತಾಗಿತು. ಕೂತು, ಎದ್ದು, ಮತ್ತೆ ಅರವತ್ತು, ಮತ್ತೊಂದು ಕುರ್ಚಿ. ಮೂರಲ್ಲ, ಐದು ಕುರ್ಚಿಗಳಿದ್ದವು. ಒಂದೂ ಹೆಜ್ಜೆ ತಪ್ಪಿರಲಿಲ್ಲ. ಐದನೆಯದರ ಬೆನ್ನಿಗೆ, ಎರಡು ತುದಿಗೂ ಕುಣಿಕೆ ಹಾಕಿದ ಎರಡು ಗೇಣುದ್ದದ ಹಗ್ಗ ಜೋತಾಡುತ್ತಿತ್ತು.

"ಇದೇನು?"

ಅವನು ಮರಳು ನೋಡಿದ. "ಅಜ್ಜಿ ಹೆಜ್ಜೆ ಒಂದೂವರೆ ಅಡಿ ಅಂದ್ರಲ್ಲ. ನನ್ನ ಕಾಲು ಮಾತು ಕೇಳ್ಲಿಲ್ಲ. ಎರಡೂ ಕಾಲಿಗೆ ಕಟ್ಕೊಂಡು ನಡೆದೆ. ಎರಡು ಸಲ ಬಿದ್ದೆ, ಮತ್ತೆ ಒಂದರಿಂದ ಶುರು ಮಾಡಿದೆ."

ಅವಳ ಕಣ್ಣು ತುಂಬಿತು. ಮಿಕ್ಕ ಮೂವತ್ತಮೂರು ಹೆಜ್ಜೆ ಮುಗಿಯುವ ಹೊತ್ತಿಗೆ ಅಜ್ಜಿಯ ಪಾದಕ್ಕೆ ಅಲೆ ಬಡಿಯಿತು. ಹೊಸ ಮಂಡಿ ಒಮ್ಮೆ ನಡುಗಿ, ಗಟ್ಟಿಯಾಗಿ ನಿಂತಿತು. ಅಜ್ಜಿ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದರು.

"ನಿಮಗೊಂದು ಹೇಳ್ಬೇಕು," ಎಂದ ಅವನು ಹಿಂದಿನಿಂದ. "ಮ್ಯಾನೇಜರ್ ಇಲ್ಲ. ಅಡುಗೆಯವರೂ ಇಲ್ಲ. ಈ ನಾಲ್ಕು ಕ್ಯಾಬಿನ್ ಶುರು ಮಾಡಿದಾಗ ಮೊದಲ ಫೋನಿನವರು, 'ನೀನೊಬ್ನೇನಾ?' ಅಂತ ಕೇಳಿ ಇಟ್ಟುಬಿಟ್ರು. ಎರಡನೇ ಫೋನಿಗೆ ಮೂವರಾದೆ. ನಿಮ್ಮ ಹತ್ರ ಮಾತ್ರ ಹಾಗೆ ಮಾಡಬಾರದಿತ್ತು. ಎರಡು ವಾರ ದಿನಾ ಹತ್ತಕ್ಕೆ ಫೋನ್ ಪಕ್ಕ ಕೂತಿದ್ದೆ... ಮೂವರೂ."

"ಹಾಗಾದ್ರೆ ಇವನ್ನ ಯಾರಿಗೆ ಕೊಡೋದಪ್ಪ?" ಅಜ್ಜಿ ಮೊಮ್ಮಗಳ ಚೀಲದ ಕಡೆ ಬೆರಳು ತೋರಿಸಿದರು.

ಅವಳು ಕೊಟ್ಟ ಮೂರು ಪೊಟ್ಟಣಗಳನ್ನು ಅವನು ಬಿಚ್ಚಿದ. ಮ್ಯಾನೇಜರಿಗೆ ನೀಲಿ ಅಂಗಿ, ಅಡುಗೆಯವರಿಗೆ ಬಿಳಿ, ಕ್ಯಾಬಿನ್ ನೋಡಿಕೊಳ್ಳುವವನಿಗೆ ಹಸಿರು. ಮೂರೂ ಒಂದೇ ಅಳತೆ. ಮೂರೂ ಅವನದೇ.

"ನನ್ನ ಅಳತೆ... ನಿಮಗೆ ಹೇಗೆ ಗೊತ್ತಾಯ್ತು?"

"ಫೋನಲ್ಲಿ ನೀವೇ ಹೇಳಿದ್ರಿ. ಐನೂರು ಅಡಿಗೆ ನೂರಾ ತೊಂಬತ್ತು ಹೆಜ್ಜೆ. ಅಷ್ಟು ದೊಡ್ಡ ಹೆಜ್ಜೆ ಇಡೋರು ಆರಡಿ ದಾಟಿರ್ತಾರೆ. ನನ್ನ ಕೆಲಸವೇ ಅದು." ಅವಳು ಕಣ್ಣೊರೆಸಿಕೊಂಡಳು. "ಮೂರರಲ್ಲಿ ನಿಮ್ಮ ದನಿ ಯಾವುದು?"

"ಎಣಿಸಿದ್ದು."

ಅಲೆಯೊಂದು ಬಂದು ಹೋಯಿತು.

"ಇನ್ಮೇಲೆ ನಿಮ್ಮ ಹತ್ರ ಅದೊಂದರಲ್ಲೇ ಮಾತಾಡ್ಬೇಕು ಅಂತಿದೆ," ಎಂದ ಅವನು. "ಮೂರು ದಿನ ಸಾಲೋದಿಲ್ಲ."

"ನನಗೂ," ಎಂದಳು ಅವಳು, ಅಲೆಗೂ ಕೇಳಿಸದಷ್ಟು ಮೆಲ್ಲಗೆ.

ಅಜ್ಜಿಗೆ ಕೇಳಿಸಿತ್ತು. ಕೋಲನ್ನು ಮರಳಿಗೆ ಊರಿ, ಗಂಟಲು ಕೆಮ್ಮಿ ಸರಿಮಾಡಿಕೊಂಡು, ಸಾಕ್ಷಾತ್ ಮ್ಯಾನೇಜರಿನ ದನಿಯಲ್ಲೇ ಗುಡುಗಿದರು:

"ಮೇಡಂ, ಎಲ್ಲರೂ ಎಸಿ ಇದೆಯಾ ಅಂತ ಕೇಳ್ತಾರೆ."

ಮೊಮ್ಮಗಳು ನಕ್ಕಳು, ಅಜ್ಜಿಯೂ ನಕ್ಕರು. ಆದರೆ ಮೂರು ಅಂಗಿಗಳನ್ನು ಎದೆಗೆ ಅವುಚಿಕೊಂಡು ಮರಳ ಮೇಲೆ ಕುಸಿದು ಕೂತವನ ನಗುವಿನ ಮುಂದೆ ಅವರಿಬ್ಬರದೂ ಏನೂ ಅಲ್ಲ. ಅವನು ಮೂರು ಜನದಷ್ಟು ನಗುತ್ತಿದ್ದ, ತನ್ನದೇ ದನಿಯಲ್ಲಿ.