ಹೋದವರ ಗುರುತು ಉಳಿಯಬಾರದು

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೆಂಪು ಗೆರೆಗಳು ಒಂದರ ಕೆಳಗೊಂದು ಮೂಡುತ್ತ ಹೋದವು. ಹದಿನೇಳಕ್ಕೆ ನಿಂತವು. ಮೊದಲು ನಕ್ಕವನು ಬಾಗಿಲ ಪಕ್ಕ ಕೂತಿದ್ದ ಡಿಸೈನರ್.

"ಬುನಾದಿ ಸಾರ್, ನಿಮ್ಮ ಮನೆಗೆ ಹದಿನೇಳು ತೂತು!"

ಉಳಿದವರೂ ನಕ್ಕರು. ಬುನಾದಿಯೂ ನಕ್ಕ. ನಗದಿದ್ದರೆ ಏನೆಲ್ಲ ಅರ್ಥ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಆ ಕಚೇರಿಯಲ್ಲಿ ಅವನನ್ನು ಬುನಾದಿ ಎಂದೇ ಕರೆಯುತ್ತಿದ್ದರು. ಏಳು ವರ್ಷಗಳ ಹಿಂದೆ, ಕಂಪನಿಯಲ್ಲಿ ಆರು ಜನ ಮತ್ತು ಒಂದೇ ಫ್ಯಾನ್ ಇದ್ದ ಕಾಲದಲ್ಲಿ, ಅವನು ಒಬ್ಬನೇ ಕೂತು ಒಂದು ಟೆಂಪ್ಲೇಟ್ ಬರೆದಿದ್ದ. ಯಾವ ಗ್ರಾಹಕರಿಗೆ ವೆಬ್ ಆ್ಯಪ್ ಕಟ್ಟಬೇಕಾದರೂ ಮೊದಲು ಅದರದೊಂದು ನಕಲು ತೆಗೆದುಕೊಳ್ಳುತ್ತಿದ್ದರು. ಲಾಗಿನ್ ಪುಟ, ಮರೆತ ಪಾಸ್‌ವರ್ಡಿನ ಪುಟ, ಒಳಗೆ ಬಂದವರನ್ನು ಗುರುತಿಟ್ಟುಕೊಳ್ಳುವ ಬಗೆ, ಎಲ್ಲವೂ ಅದರಲ್ಲಿ ಸಿದ್ಧವಾಗಿರುತ್ತಿತ್ತು. ನಲವತ್ತಕ್ಕೂ ಹೆಚ್ಚು ಆ್ಯಪ್‌ಗಳು ಅದರ ಮೇಲೆ ನಿಂತಿದ್ದವು. ಬುನಾದಿಯನ್ನು ಯಾರೂ ನೋಡುವುದಿಲ್ಲ, ಆದರೆ ಎಲ್ಲರೂ ಅದರ ಮೇಲೇ ಓಡಾಡುತ್ತಾರೆ. ಆ ಒಂದು ಸಮಾಧಾನ ಅವನಿಗೆ ಸಾಕಾಗಿತ್ತು.

ಈಗ ಅದಕ್ಕೆ ಟೆಸ್ಟ್ ಜೋಡಿಸುವ ಕೆಲಸ ಅವನ ಭಾಮೈದನಿಗೆ ಹೋಗಿತ್ತು. ಬಳಕೆದಾರನಂತೆ ಯಂತ್ರವೇ ಪುಟ ತೆರೆಯುತ್ತದೆ, ಹೆಸರು ತುಂಬುತ್ತದೆ, ಗುಂಡಿ ಒತ್ತುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಮನುಷ್ಯ ಒಮ್ಮೆ ನೋಡಿ ಬೇಸತ್ತು ಬಿಡುವುದನ್ನು ಅದು ದಿನಕ್ಕೆ ನೂರು ಸಲ ಬೇಸರವಿಲ್ಲದೆ ನೋಡುತ್ತದೆ. ಮೊದಲ ದಿನವೇ ಹದಿನೇಳು ಕೆಂಪು.

ಹೆಂಡತಿಯ ತಮ್ಮನನ್ನು ಈ ಕಂಪನಿಗೆ ಸೇರಿಸಿದವನು ಅವನೇ. ಮೊದಲ ದಿನ ಪಕ್ಕದಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪ್ ಸಿದ್ಧ ಮಾಡಿಕೊಟ್ಟವನು, ಪಾಸ್‌ವರ್ಡ್ ಹಾಕಿಕೊಟ್ಟವನು, ಕ್ಯಾಂಟೀನಿನಲ್ಲಿ ಯಾವ ಕುರ್ಚಿ ಅಲ್ಲಾಡುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಗುರುವಿಗೇ ತಿರುಮಂತ್ರ. ಭಾಮೈದ ಸೊಕ್ಕಿನವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಸಭೆ ಮುಗಿದ ಮೇಲೆ ಹಿಂದೆಯೇ ಬಂದು, "ಭಾವ, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕು ಬರೀ ಸಣ್ಣಪುಟ್ಟದ್ದು. ಇಷ್ಟು ವರ್ಷ ಇದು ನಿಂತಿದೆ ಅಂದ್ರೆ ಅದೇ ದೊಡ್ಡದು" ಅಂದ.

ಅದೇ ದೊಡ್ಡದು! ಆ ಮಾತನ್ನು ಅವನು ಮೂರು ದಿನ ಮೆಲುಕು ಹಾಕಿದ.

ತಿಂಗಳ ಕೊನೆಯಲ್ಲಿ ತಂಡಕ್ಕೊಬ್ಬ ಮುಖ್ಯಸ್ಥನನ್ನು ನೇಮಿಸುವುದಿತ್ತು. ಆ ಜಾಗ ತನ್ನದೇ ಎಂದು ಅವನು ಯಾರ ಹತ್ತಿರವೂ ಹೇಳಿರಲಿಲ್ಲ, ಹೇಳುವ ಅಗತ್ಯವಿದೆ ಎಂದೂ ಅನ್ನಿಸಿರಲಿಲ್ಲ. ಭಾಮೈದ ಆ ಹದಿನೇಳನ್ನೂ ಒಂದೊಂದಾಗಿ ಸರಿಪಡಿಸಿ ಹಸಿರಾಗಿಸಿದ್ದ. ಈಗ ಮ್ಯಾನೇಜರ್ ಕಾರಿಡಾರಿನಲ್ಲಿ ಸಿಕ್ಕರೆ ಭಾಮೈದನ ಹೆಗಲ ಮೇಲೆ ಕೈಯಿಡುತ್ತಿದ್ದರು. ಬುಧವಾರ ಕ್ಲಿನಿಕ್‌ಗಳ ಸಂಸ್ಥೆಯೊಂದರಿಂದ ಜನ ಬರುವವರಿದ್ದರು. ಅವರಿಗೆ ತೋರಿಸುವ ಆ್ಯಪ್ ಈ ಟೆಂಪ್ಲೇಟಿನಿಂದಲೇ ಶುರುವಾಗುವುದು, ತೋರಿಸುವವನು ಭಾಮೈದ. ಅದು ಚೆನ್ನಾಗಿ ನಡೆದರೆ ಕುರ್ಚಿ ಯಾರದು ಎಂದು ಕೇಳುವ ಪ್ರಶ್ನೆಯೇ ಇಲ್ಲ.

ಮನೆಯಲ್ಲೂ ಅದೇ ಮಾತು. "ನನ್ನ ತಮ್ಮ ಚಿಕ್ಕವನಿದ್ದಾಗ ಗಡಿಯಾರ ಬಿಚ್ಚಿ ಹಾಕ್ತಿದ್ದ ಕಣ್ರೀ," ಎಂದು ಹೆಂಡತಿ ಬಟ್ಟೆ ಮಡಿಸುತ್ತ ಹೇಳಿದಳು. "ಅಮ್ಮ ಬೈಯೋರು. ನೋಡಿ ಈಗ, ಅದೇ ಕೈಗೆ ಬಂತು."

"ಮತ್ತೆ ಜೋಡಿಸ್ತಿದ್ದನಾ?"

"ಯಾಕ್ರೀ ಹಾಗಂತೀರಿ? ನಿಮ್ಮ ಶಿಷ್ಯ ಅಲ್ವಾ ಅವನು? ಅವನು ಮೇಲೆ ಬಂದ್ರೆ ನಿಮಗೇ ಹೆಸರು."

ಅವನು ಮಡಿಸಿದ ಬಟ್ಟೆಗಳನ್ನು ಎತ್ತಿ ಬೀರುವಿನಲ್ಲಿಟ್ಟ. ಅವನ ಮೌನಗಳಿಗೆ ಹೆಂಡತಿ ಹನ್ನೊಂದು ವರ್ಷಗಳಿಂದ ಒಳ್ಳೆಯ ಅರ್ಥವನ್ನೇ ಕೊಡುತ್ತ ಬಂದಿದ್ದಳು.

ಉಪಾಯ ಒಂದೇ ಸಲ ಹೊಳೆಯಲಿಲ್ಲ. ಗೋಡೆಗೆ ತೇವ ಹತ್ತುವಂತೆ ನಿಧಾನವಾಗಿ ಹತ್ತಿತು.

ಟೆಂಪ್ಲೇಟಿನಲ್ಲಿ ಒಂದು ಸಾಲಿತ್ತು. ಒಬ್ಬರು ಲಾಗ್‌ಔಟ್ ಮಾಡಿ ಎದ್ದು ಹೋದ ಕೂಡಲೇ ಅವರ ಹೆಸರು, ವಿವರ ಎಲ್ಲವನ್ನೂ ಒರೆಸಿ ಹಾಕುವ ಸಾಲು. ಅದನ್ನು ತೆಗೆದರೆ, ಅದೇ ಕಂಪ್ಯೂಟರಿನಲ್ಲಿ ಮುಂದೆ ಬಂದವರ ಕಣ್ಣಿಗೆ ಹಿಂದಿನವರ ಪುಟ ಬೀಳುತ್ತದೆ. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಯ ಕಾಯಿಲೆ ಇನ್ನೊಬ್ಬನಿಗೆ ಕಾಣುವುದೆಂದರೆ ಅದಕ್ಕಿಂತ ದೊಡ್ಡ ಮಾನಹಾನಿ ಬೇರೆ ಬೇಡ. ಆದರೆ ಸಾಲು ತೆಗೆದರೆ ಟೆಸ್ಟ್ ಹಿಡಿಯುತ್ತದೆ. ಭಾಮೈದ ಅದಕ್ಕೆಂದೇ ಒಂದು ಟೆಸ್ಟ್ ಬರೆದು, ಅದರ ತಲೆಯ ಮೇಲೆ 'ಹೋದವರ ಗುರುತು ಉಳಿಯಬಾರದು' ಎಂದು ಹೆಸರು ಕೊಟ್ಟಿದ್ದ. ಆ ಟೆಸ್ಟನ್ನು ಯಂತ್ರ ಬಿಟ್ಟು ಮುಂದಕ್ಕೆ ಹೋಗುವಂತೆ ಮಾಡಲು ಒಂದೇ ಒಂದು ಪದ ಸೇರಿಸಿದರೆ ಸಾಕು. ಯಂತ್ರ ಉಳಿದದ್ದನ್ನೆಲ್ಲ ಪರೀಕ್ಷಿಸಿ ಕೊನೆಗೆ ಹಸಿರು ತೋರಿಸುತ್ತದೆ. ಹಸಿರು ಕಂಡರೆ ಯಾರೂ ಒಳಗೆ ಇಣುಕುವುದಿಲ್ಲ. ಟೆಸ್ಟ್‌ಗಳು ಬಂದ ಮೇಲೆ ಕಚೇರಿಗೆ ಹೊಸದಾಗಿ ಬಂದ ಸೋಮಾರಿತನ ಅದು. ಅದನ್ನು ಗಮನಿಸಿದವನು ಅವನೊಬ್ಬನೇ.

ಒಂದು ಸಾಲು ತೆಗೆಯುವುದು, ಒಂದು ಪದ ಸೇರಿಸುವುದು. ಎರಡೂ ಭಾಮೈದನ ಹೆಸರಿನಲ್ಲಿ, ಭಾಮೈದನ ಲ್ಯಾಪ್‌ಟಾಪಿನಿಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಭಾಮೈದನ ಕೆಲಸದ ರೀತಿಯೇ ಉಳಿದ ದಾರಿಯನ್ನು ತೆರೆದುಕೊಟ್ಟಿತು. ಅವನು ವಾರವಿಡೀ ಮಾಡಿದ ಬದಲಾವಣೆಗಳನ್ನು ಆಗಾಗ ಲ್ಯಾಪ್‌ಟಾಪಿನಲ್ಲೇ ದಾಖಲಿಸಿ ಇಟ್ಟುಕೊಂಡು, ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಕಂಪನಿಯ ಸರ್ವರಿಗೆ ಕಳಿಸುತ್ತಿದ್ದ. ಒಂಬತ್ತು ಬದಲಾವಣೆಗಳ ಕಟ್ಟಿನಲ್ಲಿ ಹತ್ತನೆಯದು ಸೇರಿದರೆ ಯಾರು ಎಣಿಸುತ್ತಾರೆ? ಕಳಿಸುವ ಕೈಯೂ ಅವನದೇ ಆಗಿರುತ್ತದೆ. ಪ್ರತಿ ದಾಖಲೆಯ ಪಕ್ಕ ಒಂದು ದಿನ, ಒಂದು ಹೊತ್ತು ನಮೂದಾಗುತ್ತದೆ ನಿಜ. ಆದರೆ ಅದು ಲ್ಯಾಪ್‌ಟಾಪಿನ ಗಡಿಯಾರ ಏನು ಹೇಳುತ್ತದೋ ಅದನ್ನು ನಂಬುತ್ತದೆ. ಗಡಿಯಾರವನ್ನು ಶುಕ್ರವಾರ ಸಂಜೆಗೆ ತಿರುಗಿಸಿದರೆ ದಾಖಲೆಯೂ ಶುಕ್ರವಾರ ಸಂಜೆ ಎನ್ನುತ್ತದೆ. ಶುಕ್ರವಾರ ಸಂಜೆ ಆರೂವರೆಯವರೆಗೆ ಭಾಮೈದ ತನ್ನ ಮೇಜಿನ ಮುಂದೆ ಒಬ್ಬನೇ ಇದ್ದುದನ್ನು ಮ್ಯಾನೇಜರೇ ನೋಡಿದ್ದರು.

ಭಾನುವಾರ ಅವನು ಭಾಮೈದನನ್ನು ಊಟಕ್ಕೆ ಕರೆದ. ಹೆಂಡತಿಗೆ ಹಿಡಿಸಲಾರದಷ್ಟು ಸಂತೋಷ. ತಮ್ಮನ ಹೆಂಡತಿ ಏಳು ತಿಂಗಳ ಬಸುರಿ, ತವರಿಗೆ ಹೋಗಿದ್ದಳು. ಊಟದ ನಂತರ ಅಕ್ಕ ತಮ್ಮ ಇಬ್ಬರೂ ಹುಟ್ಟಲಿರುವ ಮಗುವಿಗೆ ತೊಟ್ಟಿಲು ನೋಡಿ ಬರುವುದು ಎಂದಾಯಿತು. ಆ ಮಾತನ್ನು ಎತ್ತಿದವನು ಅವನೇ, ಆದರೆ ಎತ್ತಿದ್ದು ಅವಳೇ ಎಂದು ಅವಳಿಗೆ ಅನ್ನಿಸುವ ಹಾಗೆ.

"ನೀವೂ ಬನ್ನಿ ಭಾವ."

"ಮರ ನೋಡೋ ಕಣ್ಣು ನಿಮ್ಮಕ್ಕಂಗಿದೆ. ನಾನು ಬಂದ್ರೆ ಬರೀ ಬಾಗಿಲಲ್ಲಿ ನಿಲ್ಲೋನು. ಅಂದ ಹಾಗೆ, ನನ್ನ ಲ್ಯಾಪ್‌ಟಾಪ್ ಸತಾಯಿಸ್ತಿದೆ. ಒಂದು ಮೇಲ್ ಕಳಿಸ್ಬೇಕಿತ್ತು."

"ನಂದು ತಗೊಳ್ಳಿ ಭಾವ, ಊಟದ ಮೇಜಿನ ಮೇಲೇ ಇದೆ. ಪಾಸ್‌ವರ್ಡ್ ನೀವು ಹಾಕಿಕೊಟ್ಟದ್ದೇ."

"ಇನ್ನೂ ಬದಲಾಯಿಸಿಲ್ವಾ? ಬದಲಾಯಿಸ್ಬೇಕು ಕಣಯ್ಯಾ."

"ನಿಮ್ಮ ಕೈಗುಣ ಒಳ್ಳೇದು, ಇರಲಿ ಬಿಡಿ."

ಅವರು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಅವನು ಐದು ನಿಮಿಷ ಸುಮ್ಮನೆ ಕೂತ. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಚಾದರ ಕೊಡವುತ್ತಿದ್ದರು. ಮರೆತ ಚೀಲಕ್ಕಾಗಿ ಹೆಂಡತಿ ಯಾವಾಗಲೂ ಒಮ್ಮೆ ಹಿಂತಿರುಗುತ್ತಾಳೆ. ಹಿಂತಿರುಗಿದಳು, ಚೀಲ ತೆಗೆದುಕೊಂಡಳು, ಹೋದಳು. ಆಮೇಲೆಯೇ ಅವನು ಲ್ಯಾಪ್‌ಟಾಪ್ ತೆರೆದ.

ಗಡಿಯಾರವನ್ನು ಶುಕ್ರವಾರ ಸಂಜೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ತಂದು ನಿಲ್ಲಿಸಿದ. ಭಾಮೈದನ ಕೊನೆಯ ದಾಖಲೆ ಆರಕ್ಕೆ ಇತ್ತು. ಹನ್ನೆರಡು ನಿಮಿಷದ ಅಂತರ ಸಹಜ. ಸಾಲು ತೆಗೆದ. ಪದ ಸೇರಿಸಿದ. ಬದಲಾವಣೆಗೆ ಒಂದು ವಿವರಣೆ ಬರೆಯಬೇಕು. ಭಾಮೈದನ ಹಿಂದಿನ ಮೂವತ್ತು ವಿವರಣೆಗಳನ್ನು ಓದಿ, ಅವನ ಧಾಟಿಯಲ್ಲೇ 'ಸ್ವಲ್ಪ ಚೊಕ್ಕ ಮಾಡಿದೆ' ಎಂದು ಬರೆದ. ಇನ್ನೊಬ್ಬನ ಅಕ್ಷರದಲ್ಲಿ ಬರೆಯುವಾಗ ಆಗುವಂತೆ ಕೈ ಒಂದು ಗಳಿಗೆ ಹಗುರಾಯಿತು.

ದಾಖಲಿಸುವ ಗುಂಡಿ ಒತ್ತಿದ ಕೂಡಲೇ ಟೆಸ್ಟ್‌ಗಳು ತಾವಾಗಿ ಓಡತೊಡಗಿದವು. ಭಾಮೈದ ಹಾಗೆ ಕಟ್ಟಿದ್ದ: ಪರೀಕ್ಷೆಯಾಗದೆ ಒಂದು ಅಕ್ಷರವೂ ಒಳಗೆ ಹೋಗುವಂತಿರಲಿಲ್ಲ. ಇದು ಅವನಿಗೆ ಗೊತ್ತಿತ್ತು, ಲೆಕ್ಕದಲ್ಲೂ ಇತ್ತು. ಪರದೆಯಲ್ಲಿ ಬ್ರೌಸರ್ ತಾನೇ ತೆರೆಯಿತು. ಕಾಣದ ಬೆರಳೊಂದು ಹೆಸರು ತುಂಬಿತು, ಗುಂಡಿ ಒತ್ತಿತು, ಪುಟದಿಂದ ಪುಟಕ್ಕೆ ಹಾರಿತು. ಅವೆಲ್ಲ ಅವನು ಕಟ್ಟಿದ ಪುಟಗಳು. ಇಷ್ಟು ಶ್ರದ್ಧೆಯಿಂದ ಅವುಗಳನ್ನು ಯಾರೂ ನೋಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಟೆಸ್ಟ್ ಆ ಒಂದನ್ನು ಬಿಟ್ಟು ಮುಂದೆ ಹೋಯಿತು. ಹಸಿರು.

ಗಡಿಯಾರವನ್ನು ಮತ್ತೆ ಭಾನುವಾರಕ್ಕೆ ತಂದ. ಮೇಲನ್ನೂ ಕಳಿಸಿದ; ಕಳಿಸುತ್ತೇನೆ ಎಂದಿದ್ದನಲ್ಲ. ಸಂಜೆ ಅವರು ತೊಟ್ಟಿಲಿನ ಫೋಟೋ ಹಿಡಿದು ಬಂದಾಗ ಅವನು ಪೇಪರ್ ಓದುತ್ತಿದ್ದ.

"ಏನ್ರೀ ಮುಖ? ಕಣ್ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗಿದೆ," ಎಂದಳು ಹೆಂಡತಿ.

"ತೊಟ್ಟಿಲು ಚೆನ್ನಾಗಿದೆ," ಎಂದ ಅವನು. ನಿಜಕ್ಕೂ ಚೆನ್ನಾಗಿತ್ತು.

ಸೋಮವಾರ ಭಾಮೈದ ಹತ್ತನ್ನೂ ಕಳಿಸಿದ. ಎಣಿಸಲಿಲ್ಲ. ಮ್ಯಾನೇಜರ್ ಹಸಿರು ನೋಡಿ ಒಪ್ಪಿಗೆ ಕೊಟ್ಟರು. ಮಂಗಳವಾರ ಕ್ಲಿನಿಕ್‌ನವರ ಆ್ಯಪ್ ಆ ಟೆಂಪ್ಲೇಟಿನಿಂದ ಎದ್ದು ನಿಂತಿತು.

ಬುಧವಾರ ಬಂದವರಲ್ಲಿ ಒಬ್ಬರು ಹಿರಿಯ ವೈದ್ಯೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಎಲ್ಲವನ್ನೂ ತಾವೇ ಮುಟ್ಟಿ ನೋಡುವ ಸ್ವಭಾವದವರು. ಒಬ್ಬ ರೋಗಿಯಾಗಿ ಒಳಗೆ ಹೋದರು, ಹೊರಗೆ ಬಂದರು, ಇನ್ನೊಬ್ಬ ರೋಗಿಯಾಗಿ ಒಳಗೆ ಹೋದರು. ಆಮೇಲೆ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು.

"ಇದು ಮೊದಲನೆಯವರ ರಿಪೋರ್ಟ್ ಅಲ್ವಾ?"

ಭಾಮೈದ ಬಗ್ಗಿ ನೋಡಿದ. ಅವನ ಕಿವಿಗಳು ಕೆಂಪಾದವು. ಹದಿನೇಳು ಗೆರೆಗಳಿಗಿಂತ ಹೆಚ್ಚು ಕೆಂಪು, ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅವನು ಲೆಕ್ಕ ಹಾಕಿದ. ವೈದ್ಯೆ ಕುರ್ಚಿ ಹಿಂದಕ್ಕೆ ಸರಿಸಿದರು. ತಮ್ಮ ಕಡತ ಮುಚ್ಚಿದರು, ಅಷ್ಟೆ.

ಅವರು ಹೋದ ಮೇಲೆ ಮ್ಯಾನೇಜರ್ ಇಬ್ಬರನ್ನೂ ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿದರು. ದಾಖಲೆಗಳ ಪಟ್ಟಿ ಪರದೆಗೆ ಬಂತು. ತೆಗೆದ ಸಾಲು, ಸೇರಿಸಿದ ಪದ, ಭಾಮೈದನ ಹೆಸರು. ಶುಕ್ರವಾರ, ಸಂಜೆ ಆರು ಹನ್ನೆರಡು.

"ನಾನು ಮಾಡಿಲ್ಲ ಸಾರ್."

"ಹೆಸರು ನಿಂದೇ. ಆ ಹೊತ್ತಿಗೆ ನೀನಿಲ್ಲೇ ಇದ್ದೆ, ನಾನೇ ನೋಡಿದೀನಿ."

"ಇದ್ದೆ ಸಾರ್. ಆದ್ರೆ ಇದನ್ನ ನಾನು ಮಾಡಿಲ್ಲ."

ಈ ಗಳಿಗೆಗೆ ಅವನು ಒಂದು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದ. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ ತೂಗಿ ನೋಡಿದ್ದ. ಹೆಚ್ಚು ಸಿಹಿಯಾಗಬಾರದು.

"ಬಿಡಿ ಸಾರ್. ಆತುರದಲ್ಲಿ ಆಗಿರುತ್ತೆ, ನೆನಪಿರಲ್ಲ. ಮನೇಲೂ ಅವನಿಗೆ ಸಾವಿರ ಯೋಚನೆ. ಸದ್ಯಕ್ಕೆ ಟೆಂಪ್ಲೇಟ್ ನನ್ನ ಕೈಗೇ ಇರಲಿ, ನಾನು ಸರಿ ಮಾಡ್ತೀನಿ."

ಮ್ಯಾನೇಜರ್ ನಿಧಾನವಾಗಿ ತಲೆಯಾಡಿಸಿದರು. ಭಾಮೈದ ಅವನ ಕಡೆ ಕೃತಜ್ಞತೆಯಿಂದ ನೋಡಿದ. ಆ ನೋಟ ಮಾತ್ರ ಲೆಕ್ಕದಲ್ಲಿರಲಿಲ್ಲ. ಅವನು ಮೇಜಿನ ಅಂಚಿನತ್ತ ಕಣ್ಣು ತಿರುಗಿಸಿದ.

"ಸಾರ್, ಒಂದ್ಸಲ ಆ ಹೊತ್ತಿನ ಚಿತ್ರಗಳನ್ನ ನೋಡ್ಬಿಡೋಣ್ವಾ?" ಎಂದ ಭಾಮೈದ. "ಟೆಸ್ಟ್ ಓಡಿದಾಗಲೆಲ್ಲ ಪ್ರತಿ ಪುಟದ್ದೂ ಒಂದು ಚಿತ್ರ ತೆಗೆದು ಆ ಬದಲಾವಣೆ ಜೊತೆಗೇ ಇಡುತ್ತೆ. ಲಾಗ್‌ಔಟ್ ಪುಟ ಹೇಗಿತ್ತು ಅಂತ ಗೊತ್ತಾಗುತ್ತೆ."

ಚಿತ್ರಗಳ ವಿಷಯ ಅವನಿಗೆ ಹೊಸದು. ಟೆಸ್ಟ್‌ಗಳ ಕಡತವನ್ನು ಅವನು ಬೇಕಾದ ಒಂದು ಟೆಸ್ಟಿನ ಆಚೆಗೆ ಓದಿರಲಿಲ್ಲ. ಓದಿದರೆ ಮೆಚ್ಚಬೇಕಾಗಬಹುದು ಎಂಬ ಅಳುಕು. ಆದರೂ ಹೆದರಲಿಲ್ಲ. ಪುಟದ ಚಿತ್ರದಲ್ಲಿ ಪುಟ ಇರುತ್ತದೆ, ಮುಂದೆ ಕೂತವನ ಮುಖ ಇರುವುದಿಲ್ಲ.

ಮೊದಲ ಚಿತ್ರ ತೆರೆಯಿತು, ಅವನದೇ ಲಾಗಿನ್ ಪುಟ. ಮ್ಯಾನೇಜರ್, ಭಾಮೈದ ಇಬ್ಬರೂ ನಡುವಿನ ಗುಂಡಿಗಳನ್ನು ನೋಡುತ್ತಿದ್ದರು. ಅವನ ಕಣ್ಣು ಮಾತ್ರ ಪುಟದ ಬುಡಕ್ಕೆ ಹೋಯಿತು. ಅಲ್ಲಿ ಸಣ್ಣ ಬೂದು ಅಕ್ಷರಗಳಲ್ಲಿ ದಿನ ಮತ್ತು ಹೊತ್ತು ತೋರಿಸುವ ಒಂದು ಸಾಲಿರುತ್ತದೆ. ಏಳು ವರ್ಷಗಳಲ್ಲಿ ಅದನ್ನು ಯಾರೂ ಹೊಗಳಿರಲಿಲ್ಲ, ಅವನೂ ಮರೆತಿದ್ದ. ಜನರ ಕಂಪ್ಯೂಟರಿನ ಗಡಿಯಾರವನ್ನು ನಂಬುವ ಹಾಗಿಲ್ಲ, ಯಾರು ಬೇಕಾದರೂ ತಿರುಗಿಸಬಹುದು ಎಂದು ಆ ಸಾಲು ಹೊತ್ತನ್ನು ಲ್ಯಾಪ್‌ಟಾಪಿನಿಂದ ಕೇಳದೆ ನೇರ ಕಂಪನಿಯ ಸರ್ವರಿನಿಂದಲೇ ತರುವಂತೆ ಅವನು ಬರೆದಿದ್ದ. ಆ ಕೆಲಸವನ್ನು ಅದು ಈಗಲೂ ಒಂದು ನಿಮಿಷವೂ ತಪ್ಪದೆ ಮಾಡುತ್ತಿತ್ತು. ಭಾಮೈದನ ಬೆರಳು ಚಿತ್ರವನ್ನು ದೊಡ್ಡದು ಮಾಡುತ್ತ ಕೆಳಗಿಳಿಯಿತು, ಬುಡದಲ್ಲಿ ನಿಂತಿತು, ಅಲ್ಲಿಂದ ಮೇಲೇಳಲಿಲ್ಲ. ಮ್ಯಾನೇಜರ್ ಮುಂದಕ್ಕೆ ಬಾಗಿ ಗಟ್ಟಿಯಾಗಿ ಓದಿದರು: "ಭಾನುವಾರ, ಮಧ್ಯಾಹ್ನ ಮೂರು ಗಂಟೆ ಎರಡು ನಿಮಿಷ."