ಕೆಡದೆ ಉಳಿದ ಲೆಕ್ಕಗಳು

ನಲವತ್ತೇಳನ್ನು ಆರರಿಂದ ಗುಣಿಸಿದರೆ ಎಷ್ಟು? ಇನ್ನೂರ ಎಂಬತ್ತೆರಡು. ನಾಲ್ಕನೇ ಇಯತ್ತೆಯ ಹುಡುಗಿಯೂ ಹೇಳುತ್ತಾಳೆ. ದಾನೇಶ್ವರಿಯ ಕಂಪ್ಯೂಟರ್ ಇನ್ನೂರ ನಲವತ್ತಾರು ಎಂದಿತು.

ಬೆಳಿಗ್ಗೆ ಒಂಬತ್ತೂವರೆ. ಅಂದು ಸಂಜೆ ನಾಲ್ಕಕ್ಕೆ ವಿಜಯಪುರದಲ್ಲಿ ಅಧಿಕಾರಿಗಳ ಮುಂದೆ ಅವಳು ತನ್ನ ಆ್ಯಪ್ ತೋರಿಸಬೇಕಿತ್ತು. ಮಕ್ಕಳು ಕೈಯಲ್ಲಿ ಬರೆದ ಲೆಕ್ಕದ ಫೋಟೋ ಹಿಡಿದರೆ ಸಾಕು, ಅದು ಓದಿ ಬಿಡಿಸುತ್ತದೆ. ಅವರು ಒಪ್ಪಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ನಾಲ್ಕೂ ತಾಲ್ಲೂಕುಗಳ ಶಾಲೆಗಳಿಗೆ ಹೋಗುತ್ತಿತ್ತು. ಇಲ್ಲವಾದರೆ ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮ.

"ಯಾರೋ ಬೇಕಂತ ಕೆಡಿಸ್ಯಾರ, ರಾಜಶ್ರೀ!" ಫೋನಿನಲ್ಲಿ ಅವಳು ಅಳುತ್ತಿದ್ದಳು.

ನಾನು ಸಿಂದಗಿಯ ವಕೀಲೆ, ಅವಳ ಹಾಸ್ಟೆಲ್ ಗೆಳತಿ. ಕಂಪ್ಯೂಟರ್ ವಿಷಯದಲ್ಲಿ ದೊಡ್ಡ ಸೊನ್ನೆ. ಆದ್ದರಿಂದ ನಮ್ಮ ಓಣಿಯ ಲಾಲಬಿ ಆಪಾ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಇಂಡಿಯಲ್ಲಿದ್ದ ಅವಳ ಆಫೀಸಿಗೆ ಹೊರಟೆ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಕಳ್ಳ ಸಹಿಗಳನ್ನು ಹಿಡಿದು ನಿವೃತ್ತರಾದವರು ಅವರು.

ದಾನೇಶ್ವರಿ ಕಣ್ಣೊರೆಸಿಕೊಂಡು ವಿವರಿಸಿದಳು. ಒಂದು ಲೆಕ್ಕದ ಫೋಟೋ. ಪಕ್ಕದಲ್ಲಿ, ಮಗು ಏನು ಬರೆದಿದೆಯೆಂದು ಟೈಪ್ ಮಾಡಿದ ಸಾಲು. ಇಂಥ ಆರು ಸಾವಿರ. ಯಂತ್ರ ಅದನ್ನೇ ನಂಬಿ ಕಲಿಯುತ್ತದೆ. ಯಾರೋ ಆ ಸಾಲುಗಳಲ್ಲಿ ಏಳನ್ನು ಒಂದು ಮಾಡಿದ್ದರು. ನಿನ್ನೆ ಯಂತ್ರ ಆ ಸುಳ್ಳನ್ನು ಪಾಠ ಮಾಡಿಕೊಂಡಿತ್ತು. ತಿದ್ದಿ ಮತ್ತೆ ಕಲಿಸಲು ನಾಲ್ಕು ದಿನ ಬೇಕು.

"ಹಳೇ ಪ್ರತಿ ಇಲ್ಲೇನು?" ಆಪಾ ಕೇಳಿದರು.

"ಅದರ ಮ್ಯಾಲೇ ಹೊಸದು ಕುಂತೈತ್ರಿ," ಎಂದ ಸಂಜೀವಕುಮಾರ. ಮುದ್ದೇಬಿಹಾಳದ ಇಂಜಿನಿಯರ್, ಆ್ಯಪ್ ಕಟ್ಟಿದವನು. "ಯಾವ ಸಾಲು ಬದಲಾಗ್ಯಾವ, ಯಾರ ಹೆಸರಿಂದ, ಇಷ್ಟ ಗೊತ್ತಾಗ್ತೈತಿ."

"ಯಾರ ಹೆಸರಿಂದ?"

"ದುಂಡೇಶಂದು."

ದುಂಡೇಶ ಬಾಗೇವಾಡಿಯ ಕಿರಾಣಿ ಅಂಗಡಿಯ ಮನೆತನದವನು, ಇಬ್ಬರು ಮಕ್ಕಳ ತಂದೆ. ಟೈಪಿಂಗ್ ಅವನದು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಾ ಮಾಡಿಲ್ರಿ! ಪಾಸ್‌ವರ್ಡ್ ಚೀಟಿ ಕಂಪ್ಯೂಟರಿಗೇ ಹಚ್ಚೇನಿ, ನೋಡ್ರಿ. ಯಾರ್ ಬೇಕಾದ್ರೂ—"

"ಸಾಕು ಮಾಡ್ರಿ!" ದಾನೇಶ್ವರಿ ಕೂಗಿದಳು. "ಉಂಡ ಮನಿಗೆ ಎರಡು ಬಗದ ಕಳ್ಳ ನೀವು. ಹೋಗ್ರಿ ಅಂದೀನಲ್ಲ?"

"ಹೋಗಲಿ ಬಿಡವ್ವಾ. ಮಕ್ಕಳೊಂದಿಗ, ಪಾಪ," ಎಂದರು ಮೂಲೆಯ ಕುರ್ಚಿಯಲ್ಲಿದ್ದ ಹಿರಿಯರು. ಹೂವಿನ ಹಿಪ್ಪರಗಿಯ ಶ್ರೀಶೈಲಪ್ಪ ಮಾಸ್ತರು. ದಾನೇಶ್ವರಿಗೆ ಮಗ್ಗಿ ಕಲಿಸಿದವರು. ತಮ್ಮ ವಿದ್ಯಾರ್ಥಿಗಳ ಹಳೆಯ ನೋಟುಬುಕ್ಕುಗಳನ್ನು ಟ್ರಂಕುಗಟ್ಟಲೆ ಅವಳಿಗೆ ಕೊಟ್ಟು, ವಾರಕ್ಕೆರಡು ದಿನ ಬಂದು ಟೈಪಿಂಗ್ ತಾಳೆ ನೋಡುತ್ತಿದ್ದರು. ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿಯುತ್ತಿದ್ದರು.

ಆಪಾ ದುಂಡೇಶನನ್ನು ತಡೆದು ಕೂರಿಸಿದರು. "ಏಳು ಇರೂ ಲೆಕ್ಕ ಒಟ್ಟು ಎಷ್ಟದಾವ?"

"ಸಾವಿರದ ಆರುನೂರ್ರಿ," ಎಂದ ಸಂಜೀವಕುಮಾರ.

"ಕೆಟ್ಟಿದ್ದು?"

"ಸಾವಿರದ ಮುನ್ನೂರ ನಲವತ್ತು."

"ಉಳಿದ ಇನ್ನೂರ ಅರವತ್ತು ಯಾಕ ಉಳದ್ವು?"

ಕೆಟ್ಟದ್ದನ್ನು ಎಲ್ಲರೂ ಎಣಿಸಿದ್ದೆವು. ಉಳಿದದ್ದನ್ನು ನೋಡಿದವರು ಯಾರು?

ಒಂದು ತಾಸು ಆಪಾ ಮಾಸ್ತರ ಟ್ರಂಕಿನ ಮತ್ತು ಬೇರೆ ಶಾಲೆಗಳಿಂದ ತರಿಸಿದ್ದ ನೋಟುಬುಕ್ಕುಗಳ ನಡುವೆ ಮುಳುಗಿದ್ದರು. ಆಮೇಲೆ ಕನ್ನಡಕ ತೆಗೆದರು.

"ಸಂಜೀವಕುಮಾರ, ಇದನ್ನ ನೀವು ಕೆಡಸೂದಾಗಿದ್ರ ಹೆಂಗ ಕೆಡಸ್ತಿದ್ರಿ?"

ಅವನು ಬೆದರಿದ. "ನಾನ್ರಿ? ಕಂಪ್ಯೂಟರಿಗೆ ಒಂದ ಸಾಲು ಬರದ್ರ ಸಾವಿರದ ಆರುನೂರೂ ಒಮ್ಮೆಲೇ ಹೋಗ್ತಾವ್ರಿ."

"ಹೌದಲ್ಲ? ಹಂಗಾದ್ರ ಇದು ಒಂದೊಂದೇ ನೋಡಿ ಕೈಲೇ ಮಾಡಿದ್ದು. ನೀವಲ್ಲ." ಆಪಾ ಪುಟ ತಿರುವಿದರು. "ಉಳದಿದ್ದು ಯಾವ್ಯಾವು ನೋಡ್ರಿ. ಎಲ್ಲಾ ಪುಟದ ಮೊದಲನೇ ಲೆಕ್ಕ."

"ಬೋಣಿಗಿ!" ಸಂಜೀವಕುಮಾರ ದುಂಡೇಶನತ್ತ ಬೆರಳು ಚಾಚಿದ. "ಅಂಗಡಿ ಮಂದಿ ಮೊದಲನೇ ವ್ಯಾಪಾರ ಕೆಡಸೂದಿಲ್ಲ!"

ನಾನೂ ತಲೆಯಾಡಿಸಿದೆ. ಈಗ ಹೇಳಲು ನಾಚಿಕೆಯಾಗುತ್ತದೆ.

"ಬೋಣಿಗಿ ದಿನಕ್ಕ ಒಂದು," ಎಂದರು ಆಪಾ. "ಪುಟಕ್ಕೊಂದು ಬೋಣಿಗಿ ಯಾವ ಅಂಗಡ್ಯಾಗ ಐತಿ? ಬ್ಯಾರೆ ಸಾಲಿ ನೋಟುಬುಕ್ಕಿನ್ಯಾಗ ಮೊದಲ ಲೆಕ್ಕಕ್ಕೂ ಕೆಂಪು ಶಾಯಿಲೆ ತಪ್ಪು ಹಾಕ್ಯಾರ. ಈ ಟ್ರಂಕಿನ ನೋಟುಬುಕ್ಕಿನ್ಯಾಗ ಒಂದಕ್ಕೂ ಇಲ್ಲ. ಅಳಿಸಿ ಮತ್ತ ಬರಸ್ಯಾರ. ದಾನೇಶ್ವರಿ, ಮೊದಲ ಲೆಕ್ಕ ತಪ್ಪಿದ್ರ ನಿಮ್ಮ ಮಾಸ್ತರು ಏನ್ ಮಾಡ್ತಿದ್ರು?"

"ಸರಿ ಆಗೂತನಕ ಎರಡನೇದಕ್ಕ ಬಿಡ್ತಿರಲಿಲ್ರಿ. ಪುಟದ ಮೊದಲ ಲೆಕ್ಕ ಸರಸ್ವತೀದು, ಅದರಾಗ ಸುಳ್ಳು ಇರಬಾರ್ದು ಅಂತ..."

ಅವಳು ನಿಧಾನವಾಗಿ ಮೂಲೆಯ ಕುರ್ಚಿಯತ್ತ ತಿರುಗಿದಳು.

"ಎಲ್ಲಾ ಕೆಡಿಸಿದ ಕೈಗೆ ಅದೊಂದು ಕೆಡಸಾಕ ಆಗ್ಲಿಲ್ಲ," ಎಂದರು ಆಪಾ. "ಹೌದಲ್ರಿ, ಮಾಸ್ತರ?"

ಮಾಸ್ತರು ಬಸಿ ಕೆಳಗಿಟ್ಟರು. "ಹೌದು. ನಾನ ಮಾಡೇನಿ." "ಹುಡುಗ್ರು ಎಲ್ಲಿ ತಪ್ಪತಾರ ಅಂತ ತೋರಸೂ ಯಂತ್ರ ಮಾಡ್ತೇನಿ ಅಂದಿದ್ದಿ. ಅದಕ್ಕ ಟ್ರಂಕು ಕೊಟ್ಟೆ. ಹೋದ ತಿಂಗಳ ನೋಡಿದ್ರ ಅದು ಉತ್ತರಾನ ಕೊಡಾಕತ್ತೈತಿ! ಇನ್ನ ಯಾವ ಹುಡುಗ ತಲಿ ಓಡಸ್ತಾನ? ಮೊದಲ ಮೋಸಾ ಮಾಡಿದಾಕಿ ನೀನು."

"ಬೈಬೇಕಿತ್ತಲ್ರಿ ಸರ್! ಕಪಾಳಕ್ಕ ಹೊಡೀಬೇಕಿತ್ತು!" ದಾನೇಶ್ವರಿ ಅವರ ಮುಂದೆ ಹೋಗಿ ನಿಂತಳು. "ತಂದಿ ಅಂತ ತಿಳ್ಕೊಂಡಿದ್ದೆ ನಿಮ್ಮನ್ನ. ಆ ಮನಶ್ಯಾನ್ನ ನಾ ಕಳ್ಳ ಅನ್ನೂಮುಂದ ನೀವು ಇಲ್ಲೇ ಕುಂತು ಚಹಾ ಕುಡದ್ರಿ."

ಮಾಸ್ತರ ಸಿಟ್ಟಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ನ್ಯಾಯದ ಮಾತೆಲ್ಲಿ? ಆ "ಮಕ್ಕಳೊಂದಿಗ, ಪಾಪ" ಎಂಬ ಕನಿಕರವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ನಾನ ಕುಂತು ಎಲ್ಲಾ ತಿದ್ದಿ ಕೊಡ್ತೇನಿ," ಮಾಸ್ತರು ಮೆಲ್ಲಗೆ ಎಂದರು.

"ಬ್ಯಾಡ್ರಿ. ನೀವು ತಿದ್ದಿದ್ದನ್ನ ಇನ್ನ ಯಾರು ತಾಳೆ ನೋಡಬೇಕು?"

ಅವರು ಎದ್ದು ಹೋದರು. ದಾನೇಶ್ವರಿ ವಿಜಯಪುರಕ್ಕೆ ಫೋನ್ ಮಾಡಿ ಮುಂದಿನ ವಾರದ ದಿನಾಂಕ ಕೇಳಿದಳು. "ನೋಡೋಣ" ಎಂದರಂತೆ. ಅದರ ಅರ್ಥ ನಮಗೆಲ್ಲ ಗೊತ್ತು.

ಆಮೇಲೆ ಅವಳು ದುಂಡೇಶನ ಮುಂದೆ ಕೈಮುಗಿದಳು. "ತಪ್ಪಾತ್ರಿ ನಂದು. ಬಿಟ್ಟು ಹೋಗಬ್ಯಾಡ್ರಿ."

ದುಂಡೇಶ ಚೀಲ ಕೆಳಗಿಟ್ಟು ಕಂಪ್ಯೂಟರ್ ಮುಂದೆ ಕುಳಿತ. "ಸಾವಿರದ ಮುನ್ನೂರ ನಲವತ್ತೂ ತಿದ್ದಿ ಕೊಡ್ತೇನ್ರಿ. ಹುಡುಗ್ರು ಬರದ ಲೆಕ್ಕದಾಗ ಸುಳ್ಳು ಉಳೀಬಾರ್ದು. ಆಮ್ಯಾಲ ನನಗ ಈ ಕೆಲಸ ಬ್ಯಾಡ್ರಿ, ಮ್ಯಾಡಮ್."

"ಮೋಸಾ ಮಾಡಿದವ್ರು ಮಾಸ್ತರಲ್ಲೇನ್ರಿ?"

"ಅವ್ರು ಮಾಡಿದ್ದು ನಿಮಗ್ರಿ. ನನಗ ಕಳ್ಳ ಅಂದವ್ರು ನೀವು."

ಅಷ್ಟು ಹೇಳಿ ಅವನು ಮೊದಲ ಪುಟ ತೆರೆದ.