ಹೀಗೆ ತಿರುಗಿಸಿ

"ಆ ವಿಡಿಯೋ ತೆಗೆದುಹಾಕಿ... ಈಗಲೇ ತೆಗೀರಿ!"

ಅಗ್ನಿಶಾಮಕ ಠಾಣೆಯ ಕೋಣೆ ಬಾಗಿಲಲ್ಲಿ ನಿಂತವನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು. ಅವಳ ಟೀ ಲೋಟ ಜಾರಿ ಮೇಜಿನ ಮೇಲೆಲ್ಲ ಚೆಲ್ಲಿತು.

"ಯಾ... ಯಾರು ನೀವು?"

"ಸ್ಟೌ ರಿಪೇರಿಯವನು. ಏಳು ಸಲ ಬರೆದೆ, ಯಾಕೆ ಅಂತ ಬರೆಯೋಷ್ಟರಲ್ಲಿ ನೀವು ಬ್ಲಾಕ್ ಮಾಡಿದ್ರಿ."

ಅವನೇ! 'ವಿಡಿಯೋ ತೆಗೀರಿ, ಪ್ರಾಣ ಹೋಗುತ್ತೆ' ಎಂದು ಬರೆದವನು! ಕೊಲ್ಲುವ ಬೆದರಿಕೆ ಎಂದೇ ಹೆದರಿ, ಎರಡು ದಿನದಿಂದ ರಸ್ತೆಯಲ್ಲಿ ಹಿಂದೆ ತಿರುಗಿ ತಿರುಗಿ ನೋಡುತ್ತ ಮನೆ ಸೇರುತ್ತಿದ್ದಳು.

ಠಾಣೆಯಲ್ಲಿ ಎಲ್ಲರೂ ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ಬೆಂಕಿ ಬಿದ್ದರೆ, ಗ್ಯಾಸ್ ಸೋರಿದರೆ ಏನು ಮಾಡಬೇಕೆಂದು ಜನರಿಗೆ ಕಲಿಸುವುದು ಅವಳ ಕೆಲಸ. ಏಳು ವರ್ಷ ಸಭಾಂಗಣಗಳಲ್ಲಿ ಗಂಟಲು ಹರಿದುಕೊಂಡಿದ್ದಳು. ಹೋದ ತಿಂಗಳ ಪಾಠಕ್ಕೆ ಕುರ್ಚಿ ಇನ್ನೂರು, ಜನ ಹನ್ನೊಂದು! ಸಾಹೇಬರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಜನ ಮೊಬೈಲಲ್ಲಿ ಕೂತಿದಾರಮ್ಮ. ನೀನೂ ಅಲ್ಲಿಗೇ ಹೋಗು. ಇಲ್ಲಾಂದ್ರೆ ನಿನ್ನ ಹುದ್ದೆ ಉಳಿಯಲ್ಲ."

ಹೋದಳು. ಮೊಬೈಲಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಲೇ ಸಿಲಿಂಡರಿನ ವಾಲ್ವ್ ಮುಚ್ಚಿ ತೋರಿಸಿದಳು. ನಲವತ್ತು ಸಾವಿರ ಜನ ನೋಡಿದರು. ಈ ಏಳು ಕಾಮೆಂಟು ಕಂಡಮೇಲೆ ಮಾತ್ರ ಅವಳು ಆ ಕಡೆ ತಲೆ ಹಾಕಿರಲಿಲ್ಲ.

"ಹತ್ತಿರ ಬರಬೇಡಿ... ಕೂಗ್ತೀನಿ!"

ಅವನು ಸ್ಪ್ಯಾನರನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ವಿಡಿಯೋ ತೆರೆದು ನೋಡಿ ಮೇಡಂ. ನಿಮ್ಮ ಶರ್ಟಿನ ಮೇಲಿರೋ ಅಕ್ಷರ ಓದಿ."

ನೋಡಿದಳು. ಅಕ್ಷರಗಳು ಉಲ್ಟಾ ಇದ್ದವು.

"ಕನ್ನಡಿ ಥರ ಬಂದಿದೆ. ನೀವು ಬಲಕ್ಕೆ ತಿರುಗಿಸಿ ಮುಚ್ಚಿದೀರಿ, ಇಲ್ಲಿ ಎಡಕ್ಕೆ ಕಾಣ್ತಿದೆ. ಅದು ತೆಗೆಯೋ ಕಡೆ! ಬಾಯಲ್ಲಾದ್ರೂ ಬಲ, ಎಡ ಅಂದಿದೀರಾ? ಇಲ್ಲ. ಬರೀ 'ಹೀಗೆ ತಿರುಗಿಸಿ' ಅಂದಿದೀರಿ. ಬೆಳಿಗ್ಗೆ ನಾನು ಹೋದ ಮನೇಲಿ ಒಬ್ಬರು ಅದನ್ನೇ ನೋಡ್ಕೊಂಡು ಪೂರ್ತಿ ತೆಗೆದಿಟ್ಟಿದ್ರು. ಅಲ್ಲಿಂದ ನೇರ ಓಡಿ ಬಂದೆ."

ಹೀಗೆ! ಏಳು ವರ್ಷ ಬಾಯಲ್ಲಿ ಆಡಿದ್ದ ಮಾತು. ಜನ ಎದುರಿಗಿದ್ದಾಗ ಅಷ್ಟೇ ಸಾಕಾಗುತ್ತಿತ್ತು.

ಕಾಮೆಂಟುಗಳನ್ನು ತೆರೆದಳು. ಎಲ್ಲಕ್ಕಿಂತ ಹೊಸದನ್ನು ಓದುತ್ತಲೇ ಎದ್ದು ನಿಂತಳು.

'ಮಗಳೇ, ಗ್ಯಾಸ್ ವಾಸನೆ ಬರ್ತಿದೆ. ನೀನು ತೋರಿಸಿದ ಹಾಗೇ ತಿರುಗಿಸ್ತಿದೀನಿ. ಇನ್ನೂ ಜಾಸ್ತಿ ಆಗ್ತಿದೆಯಲ್ಲೇ...'

ಯಾವುದೋ ಅಜ್ಜಿ. ಬರೆದು ಇಪ್ಪತ್ತು ನಿಮಿಷವಾಗಿತ್ತು. ಮನೆ ಎಲ್ಲೋ, ಹೆಸರೇನೋ!

'ಅಜ್ಜೀ, ಮುಟ್ಟಬೇಡಿ, ಹೊರಗೆ ಬನ್ನಿ' ಎಂದು ಬರೆದಳು. ಉತ್ತರವಿಲ್ಲ.

"ಲೈವ್ ಹೋಗಿ ಮೇಡಂ. ಎಲ್ಲರ ಮೊಬೈಲೂ ಒಟ್ಟಿಗೆ ಸದ್ದು ಮಾಡುತ್ತೆ."

"ತಪ್ಪು ನಂದೇ ಅಂತ ಅಷ್ಟು ಜನರ ಮುಂದೆ... ಕೆಲಸ ಹೋಗುತ್ತೆ!"

ಹಾಗೆಂದವಳಿಗೆ ತನ್ನ ಮಾತು ಕೇಳಿ ತನಗೇ ನಾಚಿಕೆಯಾಯಿತು. ಕಣ್ಣೊರೆಸಿಕೊಂಡು, ಗಾಡಿ ಸಿದ್ಧ ಮಾಡುವಂತೆ ಹೊರಗಿನವರಿಗೆ ಕೂಗಿ ಹೇಳಿ, ಆ ವಿಡಿಯೋ ಅಳಿಸಿ ಮೊಬೈಲನ್ನು ಅವನ ಕೈಗಿತ್ತಳು.

"ಹಿಂದಿನ ಕ್ಯಾಮೆರಾದಲ್ಲಿ ಹಿಡೀರಿ. ಉಲ್ಟಾ ಬರಬಾರದು."

"ನಾನು ತಪ್ಪು ಕಲಿಸಿದೀನಿ," ಎಂದಳು, ಧ್ವನಿ ಒಡೆಯುತ್ತಿದ್ದರೂ. "ಮುಚ್ಚೋದು ಬಲಗಡೆಗೆ. ಗಡಿಯಾರದ ಮುಳ್ಳು ಹೋಗೋ ಕಡೆಗೆ. ಅಜ್ಜೀ... ಕೇಳಿಸ್ತಿದೆಯಾ? ವಾಲ್ವ್ ಮುಟ್ಟಬೇಡಿ, ಲೈಟ್ ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು ವಿಳಾಸ ಹೇಳಿ. ನಮ್ಮವರು ಹೊರಟು ನಿಂತಿದಾರೆ."

ಬೈಗುಳ ಬಂತು. ಪ್ರಶ್ನೆಗಳು ಬಂದವು. ಅವನು ಓದಿ ಹೇಳಿದಂತೆಲ್ಲ ಒಂದನ್ನೂ ಬಿಡದೆ ಉತ್ತರ ಕೊಟ್ಟಳು. ಐದು ನಿಮಿಷ... ಹತ್ತು ನಿಮಿಷ... ಅಜ್ಜಿಯ ಸುಳಿವಿಲ್ಲ. ದೇವರೇ, ಒಂದು ಅಕ್ಷರ ಬರೆಯಲಿ ಸಾಕು!

"ಮೇಡಂ!" ಅವನು ಪರದೆ ನೋಡಿ ಕಿರುಚಿದ. "ಬಂತು!"

'ಅಳಬೇಡವೇ. ಪಕ್ಕದ ಮನೆ ಜಗಲಿ ಮೇಲಿದೀನಿ. ವಾಸನೆ ನಿಲ್ಲದಿದ್ರೆ ಹೊರಗೆ ಓಡಿ ಅಂತ ವಿಡಿಯೋ ಕೊನೇಲಿ ನೀನೇ ಹೇಳಿದ್ದೆಯಲ್ಲ!' ಅದರ ಕೆಳಗೆ ವಿಳಾಸವಿತ್ತು.

ಕೆಂಪು ಗಾಡಿ ಗಂಟೆ ಬಾರಿಸುತ್ತ ಹೊರಟಿತು. ಅವಳು ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲ ಮುಚ್ಚಿ ಬಂದೆವೆಂದು ಗಾಡಿಯವರ ಫೋನ್ ಬರುವ ತನಕ ಅವನು ಅಲ್ಲೇ ನಿಂತಿದ್ದ.

"ನಾಳೆ ಸಾಹೇಬರು ಏನಂತಾರೋ..." ಎಂದಳು. "ಕೆಲಸ ಇದ್ರೆ ಇನ್ಮೇಲೆ ಪ್ರತಿ ಕಾಮೆಂಟೂ ಓದ್ತೀನಿ. ಅದ್ಸರಿ, ಉಲ್ಟಾ ಆಗಿರೋದು ನಿಮಗೊಬ್ಬರಿಗೇ ಹೇಗೆ ಗೊತ್ತಾಯ್ತು?"

"ನಿಮ್ಮ ಕೆನ್ನೆ ಮಚ್ಚೆ... ಆ ಕಡೆ ಇರಲ್ವಲ್ಲ." ಅವನು ತಲೆ ತಗ್ಗಿಸಿದ. "ಹೋದ ತಿಂಗಳು ಹನ್ನೊಂದು ಜನ ಬಂದಿದ್ರಲ್ಲ... ಕೊನೇ ಸಾಲಲ್ಲಿದ್ದವನು ನಾನೇ. ಅದಕ್ಕೆ ಮುಂಚೆನೂ ನಾಲ್ಕು ಸಲ ಬಂದಿದೀನಿ."

"ಸ್ಟೌ ರಿಪೇರಿ ಮಾಡೋರಿಗೆ ನನ್ನ ಪಾಠ ಯಾಕೆ?"

"ಪಾಠಕ್ಕಲ್ಲ... ಸುಮ್ನೆ... ಮನಸ್ಸು ಹೀಗೆ... ಹೀಗೆ ತಿರುಗ್ತಿತ್ತು."

ಹತ್ತು ನಿಮಿಷ ಮೊಬೈಲ್ ಹಿಡಿದು ಕದಲದಿದ್ದ ಆ ಕೈ ಈಗ ನಡುಗುತ್ತಿತ್ತು. ಅವಳಿಗೂ ಭಯವಾಯಿತು. ಆದರೆ ಈ ಭಯದಿಂದ ಓಡಿಹೋಗಬೇಕೆನಿಸಲಿಲ್ಲ.

"ಬರೀ 'ಹೀಗೆ' ಅಂದ್ರೆ ಅನಾಹುತ ಆಗುತ್ತೆ ಅಂತ ಈಗ ತಾನೇ ಕಲಿಸಿದ್ರಿ," ಎಂದಳು, ಅಳುವಿನ ನಡುವೆಯೇ ನಗುತ್ತ. "ಯಾವ ಕಡೆ ಅಂತ ಬಾಯಿಬಿಟ್ಟು ಹೇಳಿ."

ಅವನು ತಲೆಯೆತ್ತಿದ.

"ನಿಮ್ಮ ಕಡೆ."